ಗರ್ಭಾವಸ್ಥೆಯಲ್ಲಿ ನ್ಯಾನೋಕಣಗಳ ಸಂಪರ್ಕ: ಶಿಶುವಿನ ಮಿದುಳು ಮತ್ತು ವರ್ತನೆಯ ಮೇಲಿನ ಪರಿಣಾಮಗಳು

ಪೀಠಿಕೆ

ಒಂದು ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗವನ್ನು ನ್ಯಾನೋಮೀಟರ್ ಎಂದು ಕರೆಯಲಾಗುತ್ತದೆ. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳೇ ನ್ಯಾನೋಕಣಗಳು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂಬುದನ್ನು ಗಮನಿಸಿದಲ್ಲಿ ಇವುಗಳ ಸೂಕ್ಷ್ಮತೆ ಮನವರಿಕೆಯಾಗುವುದು. ಬಣ್ಣ, ಲೇಪನ ಹಾಗೂ ಬಿಸಿಲು ನಿರೋಧಕ ಕ್ರೀಮುಗಳಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡ್ ನ್ಯಾನೋಕಣಗಳು ಉದ್ದೇಶಪೂರ್ವಕವಾಗಿ ತಯಾರಿಸಲ್ಪಟ್ಟವು. ಸೌದೆ ಒಲೆ, ಡೀಸೆಲ್ ವಾಹನ ಮತ್ತು ವೆಲ್ಡಿಂಗ್ ಹೊಗೆಯಲ್ಲಿ ಇದೇ ಗಾತ್ರದ ಕಣಗಳು ತಾವಾಗಿಯೇ ಉಂಟಾಗುತ್ತವೆ. ಗರ್ಭಿಣಿಯು ಉಸಿರಿನೊಡನೆ ಸೇವಿಸಿದ ಇಂತಹ ಕಣಗಳಿಂದ ಹುಟ್ಟಲಿರುವ ಮಗುವಿನ ಮಿದುಳಿಗೆ ತೊಂದರೆಯಾಗಬಹುದೇ ಎಂಬುದರ ಬಗ್ಗೆ ಲಭ್ಯವಿರುವ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಕಣಗಳು ಭ್ರೂಣವನ್ನು ತಲುಪುವ ಬಗೆ

ಮಾಸು ಅಥವಾ ಜರಾಯು ತಾಯಿಯ ರಕ್ತವನ್ನೂ ಭ್ರೂಣದ ರಕ್ತವನ್ನೂ ಬೇರ್ಪಡಿಸುವ ತಡೆಗೋಡೆಯಾಗಿದೆ. ಆದರೆ ಈ ಗೋಡೆ ಅಭೇದ್ಯವಲ್ಲ. ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಮಾಸಿನ ಭ್ರೂಣದ ಪಾರ್ಶ್ವದಲ್ಲಿ ಹೊಗೆಯ ಇಂಗಾಲದ ಕಣಗಳಿರುವುದನ್ನು ವರದಿ ಮಾಡಿದರು. 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದೊಡನೆ ನಡೆಸಿದ ಅಧ್ಯಯನದಲ್ಲಿ, ಗರ್ಭಾವಸ್ಥೆಯ ಮೊದಲ ಮತ್ತು ಎರಡನೆಯ ತ್ರೈಮಾಸಿಕದ ಭ್ರೂಣಗಳ ಯಕೃತ್ತು, ಶ್ವಾಸಕೋಶ ಹಾಗೂ ಮಿದುಳಿನಲ್ಲಿಯೂ ಇಂತಹ ಕಣಗಳು ಕಂಡುಬಂದವು. ಕಣಗಳು ಅಲ್ಲಿಗೆ ತಲುಪಿವೆ ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ, ಹಾನಿಯಾಗಿದೆ ಎಂಬುದಲ್ಲ.

ಕಣಗಳು ಭ್ರೂಣವನ್ನು ತಲುಪದೆಯೂ ಪರಿಣಾಮ ಉಂಟಾಗುವ ಸಾಧ್ಯತೆ ಇದೆ. ತಾಯಿಯ ಶ್ವಾಸಕೋಶದಲ್ಲಿ ಉಂಟಾಗುವ ಉರಿಯೂತದ ರಾಸಾಯನಿಕ ಸಂಕೇತಗಳು ರಕ್ತದ ಮೂಲಕ ಹರಡಿ, ಮಾಸಿನ ಕಾರ್ಯದಲ್ಲಿ ವ್ಯತ್ಯಯ ತರಬಲ್ಲವು. ಭ್ರೂಣದಲ್ಲಿ ನರಕೋಶಗಳು ಹುಟ್ಟಿ ತಮ್ಮ ಸ್ಥಾನಗಳಿಗೆ ಸರಿಯುತ್ತಿರುವ ಅವಧಿಯಾದುದರಿಂದ ಈ ವ್ಯತ್ಯಯವು ವಯಸ್ಕರಲ್ಲಿ ಆಗುವುದಕ್ಕಿಂತ ಹೆಚ್ಚು ಮಹತ್ವದ್ದೆಂದು ಪರಿಗಣಿಸಲಾಗಿದೆ.

ಪ್ರಾಣಿಗಳ ಮೇಲಿನ ಅಧ್ಯಯನಗಳು

ಡೆನ್ಮಾರ್ಕಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಏಕೆಂದರೆ ಇದರಲ್ಲಿ ಕಣಗಳನ್ನು ಚುಚ್ಚುಮದ್ದಿನ ಮೂಲಕ ನೀಡದೆ, ಕಾರ್ಖಾನೆಗಳಲ್ಲಿ ಆಗುವಂತೆ ಉಸಿರಾಟದ ಮೂಲಕವೇ ನೀಡಲಾಯಿತು. ಗರ್ಭ ಧರಿಸಿದ ಇಲಿಗಳನ್ನು 8ನೆಯ ದಿನದಿಂದ 18ನೆಯ ದಿನದವರೆಗೆ, ದಿನಕ್ಕೆ ಒಂದು ಗಂಟೆಯಂತೆ, ಪ್ರತಿ ಘನ ಮೀಟರ್ ಗಾಳಿಯಲ್ಲಿ 42 ಮಿಲಿಗ್ರಾಂ ಟೈಟಾನಿಯಂ ಡೈಆಕ್ಸೈಡ್ ಧೂಳಿರುವ ಸ್ಥಳದಲ್ಲಿ ಇರಿಸಲಾಯಿತು. ತಾಯಿ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಉಂಟಾಗಿ ಅದು ವಾರಗಳವರೆಗೆ ಉಳಿಯಿತು. ಮರಿಗಳು ಬೆಳೆದ ನಂತರ ತೆರೆದ ಅಂಗಳದ ಪರೀಕ್ಷೆಯಲ್ಲಿ ನಡುಭಾಗಕ್ಕೆ ಬರಲು ಹಿಂಜರಿದವು. ಇದನ್ನು ಆತಂಕದ ಲಕ್ಷಣವೆಂದು ಅರ್ಥೈಸುವುದು ವಾಡಿಕೆ. ದೊಡ್ಡ ಸದ್ದಿಗೆ ಮುನ್ನ ಸಣ್ಣ ಸದ್ದನ್ನು ಕೇಳಿಸಿದಾಗ ಬೆಚ್ಚುವಿಕೆ ತಗ್ಗುವುದು ಸಹಜ. ಹೆಣ್ಣು ಮರಿಗಳಲ್ಲಿ ಈ ತಗ್ಗುವಿಕೆ ಸಾಮಾನ್ಯಕ್ಕಿಂತ ಹೆಚ್ಚಾಗಿತ್ತು. ಆದರೆ ಕಲಿಕೆ ಮತ್ತು ನೆನಪಿನ ಶಕ್ತಿಯಲ್ಲಿ ಯಾವುದೇ ಕೊರತೆ ಕಂಡುಬರಲಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಕೊನೆಯ ಅಂಶ ಸಾಮಾನ್ಯವಾಗಿ ಸೇರುವುದಿಲ್ಲ.

ಜಪಾನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭ ಧರಿಸಿದ ಇಲಿಗಳ ರಕ್ತನಾಳಕ್ಕೆ ನೀಡಿದ 70 ನ್ಯಾನೋಮೀಟರಿನ ಸಿಲಿಕಾ ಕಣಗಳು ಹಾಗೂ 35 ನ್ಯಾನೋಮೀಟರಿನ ಟೈಟಾನಿಯಂ ಡೈಆಕ್ಸೈಡ್ ಕಣಗಳು ಭ್ರೂಣದ ಮಿದುಳಿನಲ್ಲಿ ಪತ್ತೆಯಾದವು ಮತ್ತು ಭ್ರೂಣಗಳ ಬೆಳವಣಿಗೆ ಕುಂಠಿತವಾಯಿತು. 300 ನ್ಯಾನೋಮೀಟರ್ ಹಾಗೂ ಅದಕ್ಕಿಂತ ದೊಡ್ಡ ಸಿಲಿಕಾ ಕಣಗಳಿಂದ ಈ ತೊಂದರೆ ಆಗಲಿಲ್ಲ. ಸಣ್ಣ ಕಣಗಳ ಮೇಲ್ಮೈಯನ್ನು ರಾಸಾಯನಿಕವಾಗಿ ಮಾರ್ಪಡಿಸಿದಾಗಲೂ ತೊಂದರೆ ಕಾಣಲಿಲ್ಲ. ಆದುದರಿಂದ ಎಲ್ಲ ನ್ಯಾನೋಕಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಈ ಫಲಿತಾಂಶಗಳ ಮಿತಿ

ಮೇಲ್ಕಂಡ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣವು ಗೃಹಬಳಕೆಯಲ್ಲಿ ಎದುರಾಗುವ ಪ್ರಮಾಣಕ್ಕಿಂತ ಬಹಳ ಹೆಚ್ಚಿನದು. ತಯಾರಿತ ನ್ಯಾನೋಕಣಗಳಿಂದ ಮನುಷ್ಯರ ಮಕ್ಕಳ ವರ್ತನೆಯಲ್ಲಿ ದೋಷ ಉಂಟಾಗಿದೆಯೆಂಬುದು ಸಾಬೀತಾಗಿಲ್ಲ. ಯುರೋಪಿಯನ್ ಒಕ್ಕೂಟವು 2022ರಲ್ಲಿ ಆಹಾರದಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಳಕೆಯನ್ನು ನಿಷೇಧಿಸಿದ್ದು, ಅದು ವಂಶವಾಹಿಗಳಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂಬ ಕಾರಣಕ್ಕಾಗಿಯೇ ಹೊರತು ಮಿದುಳಿನ ಮೇಲಿನ ಪರಿಣಾಮದ ಕಾರಣಕ್ಕಾಗಿ ಅಲ್ಲ.

ಗರ್ಭಿಣಿಯರು ಗಮನಿಸಬೇಕಾದ ಅಂಶಗಳು

ಬಣ್ಣದ ಪುಡಿ ತುಂಬುವುದು, ಲೋಹ ಉಜ್ಜುವುದು, ವೆಲ್ಡಿಂಗ್, ಸ್ಪ್ರೇ ಪೇಂಟಿಂಗ್ ಮುಂತಾದ ಕೆಲಸಗಳಲ್ಲಿರುವ ಮಹಿಳೆಯರು ಗರ್ಭ ಧರಿಸಿರುವುದು ತಿಳಿದ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ, ಧೂಳು ಮತ್ತು ಹೊಗೆಯಿಲ್ಲದ ಕೆಲಸವನ್ನು ಕೇಳಿಕೊಳ್ಳುವುದು ಸೂಕ್ತ. ಬಟ್ಟೆಯ ಮುಖಗವಸು ಇಷ್ಟು ಸಣ್ಣ ಕಣಗಳನ್ನು ಸಮರ್ಪಕವಾಗಿ ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ಮುಖಗವಸು ತಡೆಯಬಲ್ಲದು. ಒಣ ಧೂಳನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಬಿಸಿಲು ನಿರೋಧಕ ಕ್ರೀಮನ್ನು ಗಾಯವಿಲ್ಲದ ಚರ್ಮಕ್ಕೆ ಹಚ್ಚುವುದರಿಂದ ಕಣಗಳು ಹೆಚ್ಚಾಗಿ ಚರ್ಮದ ಹೊರಪದರದಲ್ಲಿಯೇ ಉಳಿಯುವುದರಿಂದ ಆತಂಕಕ್ಕೆ ಕಾರಣವಿಲ್ಲ. ಪುಡಿ ಮತ್ತು ಸ್ಪ್ರೇ ರೂಪದವುಗಳನ್ನು ದೂರವಿಡಬಹುದು.

ನಮ್ಮಲ್ಲಿ ಅನೇಕ ಮನೆಗಳಿಗೆ ಕಾರ್ಖಾನೆಯ ಧೂಳಿಗಿಂತ ಒಲೆಯ ಹೊಗೆಯೇ ಹತ್ತಿರದ್ದು. ಅಡುಗೆ ಅನಿಲ ಸಂಪರ್ಕವಿಲ್ಲದ ಬಡ ಕುಟುಂಬಗಳ ಮಹಿಳೆಯರಿಗಾಗಿ 2016ರಲ್ಲಿ ಪ್ರಧಾನ ಮಂತ್ರಿ ಉಜ್ವಲ ಯೋಜನೆ ಆರಂಭಗೊಂಡಿದೆ. ಅದರ ಬಗ್ಗೆ ಸಮೀಪದ ಅನಿಲ ವಿತರಕರಲ್ಲಿ ವಿಚಾರಿಸಬಹುದಾಗಿದೆ.

ನ್ಯಾನೋಕಣಗಳ ಬಗೆಗಿನ ಚಿಂತೆಯಲ್ಲಿ ಕಬ್ಬಿಣಾಂಶದ ಮಾತ್ರೆ ಹಾಗೂ ಅಯೋಡಿನ್‌ಯುಕ್ತ ಉಪ್ಪನ್ನು ಮರೆಯಬಾರದು. ಇವುಗಳ ಕೊರತೆಯಿಂದ ಶಿಶುವಿನ ಮಿದುಳಿಗೆ ಆಗುವ ಹಾನಿ ದೃಢಪಟ್ಟಿದೆ. ಪ್ರತಿ ತಿಂಗಳ 9ನೆಯ ತಾರೀಖಿನಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತಪಾಸಣೆಗೆ ಬರುವಾಗ ತಾಯಿ ಕಾರ್ಡನ್ನು ತರುವುದರೊಂದಿಗೆ, ಕೆಲಸದ ಸ್ಥಳದಲ್ಲಿ ಬಳಸುವ ಪುಡಿ ಅಥವಾ ರಾಸಾಯನಿಕದ ಹೆಸರನ್ನು ಚೀಟಿಯಲ್ಲಿ ಬರೆದು ತಂದು ವೈದ್ಯಾಧಿಕಾರಿಗಳಿಗೆ ತೋರಿಸಲು ಕೋರಲಾಗಿದೆ.