ಉತ್ತರ ಪತ್ರಿಕೆ ನೋಡುವ ಹಕ್ಕು: ಭಾರತದ ವಿಶ್ವವಿದ್ಯಾಲಯಗಳು ಮತ್ತು ಮಾಹಿತಿ ಹಕ್ಕು

ಭಾರತದ ವಿಶ್ವವಿದ್ಯಾಲಯಗಳ ಕಡತಗಳು ಸಾರ್ವಜನಿಕರಿಗೆ ತೆರೆದುಕೊಂಡ ಚರಿತ್ರೆಯ ಬಹುಭಾಗ, ವಿದ್ಯಾರ್ಥಿ ತಾನೇ ಬರೆದ ಉತ್ತರ ಪತ್ರಿಕೆಯನ್ನು ನೋಡಲು ನಡೆಸಿದ ಹೋರಾಟದ ಚರಿತ್ರೆ. ನೇಮಕಾತಿ ಕಡತ, ಲೆಕ್ಕಪತ್ರ, ಸಿಂಡಿಕೇಟ್ ಸಭೆಯ ನಡಾವಳಿ ಎಲ್ಲವೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ. ಆದರೆ ಕಾನೂನಿನ ಮುಖ್ಯ ಪ್ರಶ್ನೆಗಳು ಇತ್ಯರ್ಥವಾದದ್ದು ಉತ್ತರ ಪತ್ರಿಕೆಯ ವ್ಯಾಜ್ಯಗಳಲ್ಲೇ.

ಇದಕ್ಕೆ ಕಾರಣ ಹಳೆಯದು. 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಮೂಲತಃ ಪರೀಕ್ಷೆ ನಡೆಸುವ ಸಂಸ್ಥೆಗಳು. ಪಾಠ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಪರೀಕ್ಷೆ, ಫಲಿತಾಂಶ, ಪದವಿ ವಿಶ್ವವಿದ್ಯಾಲಯದ ಕೈಯಲ್ಲಿತ್ತು. ಪರೀಕ್ಷೆಯ ಪಾವಿತ್ರ್ಯವೆಂದರೆ ಗೋಪ್ಯತೆ ಎಂಬ ನಂಬಿಕೆ ಬೇರೂರಿತು. ಅಂಕಪಟ್ಟಿಯ ಬಗ್ಗೆ ಅನುಮಾನ ಬಂದವರಿಗೆ ಹೆಚ್ಚೆಂದರೆ ಅಂಕಗಳ ಮರುಎಣಿಕೆ ಸಿಗುತ್ತಿತ್ತು. ಉತ್ತರ ಪತ್ರಿಕೆ ತೋರಿಸಲಾಗದು ಎಂಬ ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ನಿಯಮವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಈ ಬಾಗಿಲು ಎರಡು ದಶಕ ಮುಚ್ಚಿಯೇ ಇತ್ತು.

ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಕೇಂದ್ರದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಸಂಸತ್ತು ಅಥವಾ ವಿಧಾನಮಂಡಲದ ಕಾನೂನಿನಿಂದ ಸ್ಥಾಪಿತವಾದ ಪ್ರತಿ ವಿಶ್ವವಿದ್ಯಾಲಯವೂ ಇದರಡಿ ಸಾರ್ವಜನಿಕ ಪ್ರಾಧಿಕಾರ. ಹತ್ತು ರೂಪಾಯಿ ಶುಲ್ಕದ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿ ಮೀರದಷ್ಟು ದಂಡ. ಯಾರೂ ಕೇಳದೆಯೇ ಪ್ರಕಟಿಸಬೇಕಾದ ವಿವರಗಳ ಪಟ್ಟಿ 4ನೇ ಸೆಕ್ಷನ್‌ನಲ್ಲಿದೆ.

ವಿಷಾದದ ಸಂಗತಿಯೆಂದರೆ, ಹಕ್ಕನ್ನು ಕಾಯಬೇಕಿದ್ದ ಕೇಂದ್ರ ಮಾಹಿತಿ ಆಯೋಗವೇ 2007ರ ಏಪ್ರಿಲ್‌ನಲ್ಲಿ, ವಿಶ್ವವಿದ್ಯಾಲಯಗಳೂ ಮಂಡಳಿಗಳೂ ನಡೆಸುವ ದೊಡ್ಡ ಪರೀಕ್ಷೆಗಳ ಉತ್ತರ ಪತ್ರಿಕೆ ಕೊಡಬೇಕಿಲ್ಲ ಎಂದು ತೀರ್ಮಾನಿಸಿತು. ಅದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದವನು ಕಲ್ಕತ್ತಾ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ. 2008ರ ಮಾರ್ಚ್ 28ರಂದು ಕಲ್ಕತ್ತಾ ಹೈಕೋರ್ಟಿನ ಏಕಸದಸ್ಯ ಪೀಠ ಅವನ ಪರವಾಗಿ ತೀರ್ಪಿತ್ತಿತು. 2009ರ ಫೆಬ್ರುವರಿಯಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು.

ಸುಪ್ರೀಂ ಕೋರ್ಟಿನ ನಿರ್ಣಾಯಕ ತೀರ್ಪು ಬಂದದ್ದು 2011ರ ಆಗಸ್ಟ್ 9ರಂದು, ಸಿಬಿಎಸ್‌ಇ ಪ್ರಕರಣದಲ್ಲಿ. ಪೀಠದ ಹಿರಿಯ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಉತ್ತರ ಪತ್ರಿಕೆಗಳನ್ನು ತಾವು ನಂಬಿಕೆಯ ಮೇಲೆ ಇಟ್ಟುಕೊಂಡಿರುವುದರಿಂದ ಕೊಡಲಾಗದು ಎಂಬುದು ಪರೀಕ್ಷಾ ಸಂಸ್ಥೆಗಳ ವಾದ. ಆ ನಂಬಿಕೆ ಯಾರಿಗಾದರೂ ಸಲ್ಲುವುದಿದ್ದರೆ ಪರೀಕ್ಷೆ ಬರೆದವರಿಗೇ, ಅವರಿಂದಲೇ ಪತ್ರಿಕೆ ಮುಚ್ಚಿಡುವುದು ಹೇಗೆ ಎಂದು ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಈ ಚರಿತ್ರೆಯಲ್ಲಿ ಇಷ್ಟು ನೇರವಾದ, ಇಷ್ಟು ನ್ಯಾಯವಾದ ತರ್ಕ ಇನ್ನೊಂದಿಲ್ಲ. ತೀರ್ಪಿಗೆ ಮಿತಿಗಳೂ ಇದ್ದವು. ಮೌಲ್ಯಮಾಪಕರ ಹೆಸರು ಹೇಳಬೇಕಿಲ್ಲ. ಮಾಹಿತಿ ಹಕ್ಕಿನ ಹೆಸರಲ್ಲಿ ಮರುಮೌಲ್ಯಮಾಪನ ಕೇಳುವಂತಿಲ್ಲ. ಸಂಸ್ಥೆಯ ನಿಯಮದ ಪ್ರಕಾರ ಪತ್ರಿಕೆಗಳನ್ನು ಕಾಪಿಡುವ ಅವಧಿ ಮುಗಿದರೆ ಹಕ್ಕೂ ಮುಗಿಯಿತು. ಈ ಕೊನೆಯ ಮಿತಿ ಸಣ್ಣದಲ್ಲ. ಕೆಲವೇ ತಿಂಗಳಲ್ಲಿ ಪತ್ರಿಕೆಗಳನ್ನು ನಾಶಮಾಡುವ ಕಡೆ, ತಡವಾಗಿ ಎಚ್ಚೆತ್ತವರಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಮುಂದಿನ ತೀರ್ಪುಗಳು ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ. ನಾಗರಿಕ ಸೇವಾ ಪರೀಕ್ಷೆಯ ವಿವರಗಳನ್ನು ಯಾಂತ್ರಿಕವಾಗಿ ಕೊಡಲಾಗದು ಎಂದು 2018ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಸರ್ಕಾರದಿಂದ ಗಣನೀಯ ಅನುದಾನ ಪಡೆಯುವ ಖಾಸಗಿ ಕಾಲೇಜುಗಳೂ ಕಾಯ್ದೆಗೆ ಒಳಪಡುತ್ತವೆ ಎಂದು 2019ರಲ್ಲಿ ಸ್ಪಷ್ಟಪಡಿಸಿತು.

ಬೇರೊಬ್ಬರ ದಾಖಲೆಯ ಕಥೆಯೇ ಬೇರೆ. ಪ್ರಧಾನಿ ನರೇಂದ್ರ ಮೋದಿಯವರ ಪದವಿಯ ಚರ್ಚೆಯಿಂದ ದೇಶದ ಗಮನ ಸೆಳೆದ ಪ್ರಕರಣದಲ್ಲಿ, ದೆಹಲಿ ವಿಶ್ವವಿದ್ಯಾಲಯದ 1978ರ ಬಿ.ಎ. ದಾಖಲೆಗಳ ಪರಿಶೀಲನೆಗೆ ಅವಕಾಶ ಕೊಡುವಂತೆ ಮಾಹಿತಿ ಆಯೋಗ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ದೆಹಲಿ ಹೈಕೋರ್ಟ್ ಮರುತಿಂಗಳೇ ಅದಕ್ಕೆ ತಡೆ ನೀಡಿ, 2025ರ ಆಗಸ್ಟ್‌ನಲ್ಲಿ ಆದೇಶವನ್ನೇ ರದ್ದುಪಡಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯನ್ನು ತಡೆಹಿಡಿಯಲು ಅವಕಾಶ ಕೊಡುವ 8(1)(ಜೆ) ಸೆಕ್ಷನ್‌ಗೆ ತಂದ ತಿದ್ದುಪಡಿ ಜಾರಿಯಾಯಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿದ ವೈಯಕ್ತಿಕ ಮಾಹಿತಿಗೆ ಆ ಸೆಕ್ಷನ್‌ನಲ್ಲೇ ಇದ್ದ ವಿನಾಯಿತಿ ಹೋಯಿತು. ಇತರರ ಅಂಕ, ಪದವಿ, ನೇಮಕಾತಿಯ ವೈಯಕ್ತಿಕ ವಿವರ ಕೇಳುವವರು ಈಗ ಅವಲಂಬಿಸಬೇಕಾದದ್ದು 8(2)ನೇ ಸೆಕ್ಷನ್ನನ್ನು: ಬಹಿರಂಗದಿಂದಾಗುವ ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆಂದು ಮನದಟ್ಟು ಮಾಡಿಕೊಡಬೇಕು.