ಗುಬ್ಬಿ ಕಂಪನಿಯ ಬಾಲನಟರು

ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ಹಲವು ನಟರು ಮೀಸೆ ಮೂಡುವ ಮೊದಲೇ ಮುಖಕ್ಕೆ ಬಣ್ಣ ಹಚ್ಚಿಕೊಂಡವರು. ಅವರಲ್ಲಿ ಅನೇಕರನ್ನು ಸಾಕಿ ಬೆಳೆಸಿದ್ದು ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಊರ ದೇವರ ಹೆಸರು ಹೊತ್ತ ಈ ಸಂಘವನ್ನು ಜನ ಕರೆದದ್ದು ಮಾತ್ರ ಗುಬ್ಬಿ ಕಂಪನಿ ಎಂದೇ. ಹಾಡು, ಮಾತು, ನಡಿಗೆಯ ಜೊತೆಗೆ ಊಟ, ನಿದ್ದೆ, ಅಕ್ಷರವನ್ನೂ ಅಲ್ಲೇ ಕಂಡ ಹುಡುಗರ ಚರಿತ್ರೆಯನ್ನು ಬಿಟ್ಟರೆ ಕನ್ನಡ ಸಿನಿಮಾದ ಅಭಿನಯ ಎಲ್ಲಿಂದ ಬಂತು ಎಂಬುದೇ ತಿಳಿಯುವುದಿಲ್ಲ.

ಮೊದಲ ಉದಾಹರಣೆ ಗುಬ್ಬಿ ವೀರಣ್ಣನವರೇ. ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ಸೇರಿದರು. ಬಾಲಪಾತ್ರ, ಸ್ತ್ರೀಪಾತ್ರಗಳನ್ನು ದಾಟಿ ಹಾಸ್ಯಕ್ಕೆ ಬಂದರು. 1917ರಲ್ಲಿ ಕಂಪನಿಯ ಒಡೆಯರಾದರು. ‘ಸದಾರಮೆ’ಯ ಕಳ್ಳನ ಪಾತ್ರ ಅವರ ಹೆಸರಿಗೇ ಅಂಟಿಕೊಂಡಿತು. ಆ ನಾಟಕ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಊರು ಬೆಳ್ಳಾವಿ ಇರುವುದು ತುಮಕೂರು ತಾಲ್ಲೂಕಿನಲ್ಲಿ. 1934ರಲ್ಲಿ ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದವರೂ ಅವರೇ. ಗುಬ್ಬಿ, ಬೆಳ್ಳಾವಿ ಎರಡೂ ತುಮಕೂರಿಗೆ ಹತ್ತಿರದ ಊರುಗಳು. ಕನ್ನಡದ ರಂಗಭೂಮಿಯೂ ಸಿನಿಮಾವೂ ಈ ಸಣ್ಣ ಸೀಮೆಗೆ ಇಷ್ಟು ಋಣಿಯಾಗಿರುವುದನ್ನು ನೆನೆದಾಗ ಹೆಮ್ಮೆಯೆನಿಸುತ್ತದೆ.

ಪೌರಾಣಿಕ ನಾಟಕಕ್ಕೆ ಹುಡುಗರಿಲ್ಲದೆ ನಡೆಯುತ್ತಲೇ ಇರಲಿಲ್ಲ. ಪ್ರಹ್ಲಾದ, ಧ್ರುವ, ಲೋಹಿತಾಶ್ವ, ಮಾರ್ಕಂಡೇಯ, ಲವಕುಶ, ಬಾಲಕೃಷ್ಣ: ಎಲ್ಲಕ್ಕೂ ಎಳೆಯ ಕಂಠವೇ ಬೇಕು. ಹೆಂಗಸರು ರಂಗಕ್ಕೆ ಬರುವ ಮೊದಲು ನಾಯಕಿಯ ಸೀರೆ ಉಟ್ಟವರೂ ಹುಡುಗರೇ. ಮಕ್ಕಳಿಗಾಗಿಯೇ ವೀರಣ್ಣನವರು ‘ಬಾಲಕಲಾವಿವರ್ಧಿನಿ’ ಎಂಬ ಪ್ರತ್ಯೇಕ ಸಂಘವನ್ನೂ ಕಟ್ಟಿದರು.

ಕಲಿಕೆ ಶುರುವಾಗುತ್ತಿದ್ದುದು ಕಿವಿಯಿಂದ. ಹಾರ್ಮೋನಿಯಂ ಮೇಷ್ಟ್ರು ಒಂದು ಮನೆ ಒತ್ತಿ ಹಿಡಿದರೆ ಹುಡುಗ ಆ ಶ್ರುತಿಗೆ ಗಂಟಲು ಕೂಡಿಸಬೇಕು. ಕೂಡುವವರೆಗೆ ಮೇಷ್ಟ್ರ ಬೆರಳು ಮೇಲೇಳದು. ಮೈಕು ಇಲ್ಲದ ಕಾಲ. ಟೆಂಟಿನ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಪದ ಪದವೂ ಕೇಳಿಸಬೇಕು. ಹಾಗಾಗಿ ಹೊಟ್ಟೆಯಿಂದ ಉಸಿರು ತೆಗೆದು, ಪದದ ಕೊನೆಯಕ್ಷರವನ್ನು ನುಂಗದೆ ಬಿಡುವುದೇ ಮೊದಲ ಪಾಠ. ಉಳಿದದ್ದನ್ನು ಹುಡುಗರು ಸೈಡ್‌ವಿಂಗಿನಲ್ಲಿ ನಿಂತು, ದೊಡ್ಡವರ ಪಾತ್ರ ನೋಡಿ ನೋಡಿ ಕಲಿತರು. ಯಾರಿಗೋ ಜ್ವರ ಬಂದ ರಾತ್ರಿ ಆ ಪಾತ್ರದ ಮಾತು ಬಾಯಲ್ಲಿ ಸಿದ್ಧವಿದ್ದ ಹುಡುಗನಿಗೆ ಅದೃಷ್ಟ ಖುಲಾಯಿಸುತ್ತಿತ್ತು.

ಈ ಬದುಕಿನಲ್ಲಿ ಒಂದು ಕಠಿಣ ತಿರುವೂ ಇತ್ತು. ಹದಿನಾಲ್ಕು ಹದಿನೈದರ ಸುಮಾರಿಗೆ ಕಂಠ ಒಡೆಯುತ್ತದೆ. ನಿನ್ನೆಯವರೆಗೆ ಒನ್ಸ್ ಮೋರ್ ಗಿಟ್ಟಿಸಿದ ಹುಡುಗ ಇಂದು ಪ್ರಹ್ಲಾದನೂ ಅಲ್ಲ, ಹಿರಣ್ಯಕಶಿಪುವೂ ಅಲ್ಲ. ಪರದೆ ಎಳೆಯುವುದು, ದ್ವಾರಪಾಲಕನಾಗಿ ಮಾತಿಲ್ಲದೆ ನಿಲ್ಲುವುದು ಅವನ ಪಾಲಿಗೆ. ಈ ಕಾಲವನ್ನು ಕಂಪನಿಯಲ್ಲೇ ಉಳಿದು ದಾಟಿದವರು ಎಲ್ಲ ಕೆಲಸಕ್ಕೂ ಸೈ ಎನಿಸಿಕೊಂಡರು. ಎಂಟನೆಯ ವಯಸ್ಸಿಗೆ ಕಂಪನಿ ಸೇರಿದ ನಂಜನಗೂಡಿನ ಜಿ.ವಿ. ಅಯ್ಯರ್ ಬಣ್ಣದ ಕೆಲಸದಿಂದ ನಾಟಕ ರಚನೆಯವರೆಗೆ ಏನನ್ನೂ ಬಿಡಲಿಲ್ಲ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಈ ಕಂಪನಿಯ ಹೆಸರಾಂತ ನಟರು. ರಾವಣ, ಕಂಸರಂಥ ಗುಡುಗುವ ಪಾತ್ರಗಳಿಗೆ ಎತ್ತಿದ ಕೈ. 1929ರಲ್ಲಿ ಹುಟ್ಟಿದ ಅವರ ಮಗ ಮುತ್ತುರಾಜು ಎಂಟರ ಹೊತ್ತಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ರಂಗಕ್ಕೆ ಬಂದ. ನಡುವೆ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ದುಡಿದ. ಅಯ್ಯರ್ ಬರೆದು ಗುಬ್ಬಿ ಕಂಪನಿ ಆಡಿದ ‘ಬೇಡರ ಕಣ್ಣಪ್ಪ’ 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಸಿನಿಮಾ ಆದಾಗ ಮುತ್ತುರಾಜು ರಾಜ್‌ಕುಮಾರ್ ಆದರು.

ಆ ಚಿತ್ರದ ಪಾತ್ರವರ್ಗ ಒಂದು ಕಂಪನಿಯ ಕುಟುಂಬಚಿತ್ರದಂತಿದೆ. ಹಾಸ್ಯಕ್ಕೆ ನರಸಿಂಹರಾಜು, ತಿಪಟೂರಿನ ಈ ನಟ ಮಗುವಾಗಿದ್ದಾಗಿನಿಂದ ಹಲವು ಕಂಪನಿಗಳ ನೀರು ಕುಡಿದವರು. ಅಯ್ಯರ್ ಕೂಡ ತೆರೆಯ ಮೇಲಿದ್ದಾರೆ. ಪಂಡರಿಬಾಯಿ ನಾಯಕಿ. ಕಣ್ಣಪ್ಪನಾಗಿ ರಾಜ್‌ಕುಮಾರ್ ಅಭಿನಯದಲ್ಲಿ ರಂಗದ ಗಟ್ಟಿತನ ಎದ್ದು ಕಾಣುತ್ತದೆ: ಮಾತು ಒಂದಿಷ್ಟೂ ಮಸುಕಾಗುವುದಿಲ್ಲ, ಭಕ್ತಿ ಇಡೀ ದೇಹದಲ್ಲಿ ಇಳಿಯುತ್ತದೆ. ಹುಡುಗನಾಗಿದ್ದಾಗ ಕೂಡಿಸಿದ ಶ್ರುತಿಯೂ ವ್ಯರ್ಥವಾಗಲಿಲ್ಲ. ಮುಂದೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡಿದರು. ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಬಾಬುಕೋಡಿ ವೆಂಕಟರಮಣ ಕಾರಂತರದು ಬೇರೆ ದಾರಿ. ದಕ್ಷಿಣ ಕನ್ನಡದ ಮಂಚಿಯ ಕಡೆಯ ಈ ಹುಡುಗ ನಾಟಕದ ಹುಚ್ಚಿಗೆ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಹುಡುಗನ ಓದಿನ ಹಸಿವನ್ನು ಕಂಡ ವೀರಣ್ಣನವರು ಅವನನ್ನು ಎಂ.ಎ. ಓದಲು ಬನಾರಸಿಗೆ ಕಳುಹಿಸಿದರು. ಒಳ್ಳೆಯ ನಟನನ್ನು ಕೈಬಿಡಲು ಯಾವ ಕಂಪನಿ ಮಾಲೀಕ ಒಪ್ಪಿಯಾನು? ವೀರಣ್ಣನವರ ದೊಡ್ಡತನಕ್ಕೆ ಕುದುರೆ, ಆನೆ ತಂದು ಆಡಿಸಿದ ‘ಕುರುಕ್ಷೇತ್ರ’ಕ್ಕಿಂತ ಇದೇ ದೊಡ್ಡ ಸಾಕ್ಷಿ.

ಆ ಕಾರಂತರೇ ಮುಂದೆ, ಹುಡುಗನ ಕಣ್ಣಿನಿಂದ ಲೋಕವನ್ನು ಕಾಣಿಸಿದ ಎರಡು ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟರು. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರದ ಕಿಟ್ಟಿ ಎರಡು ಊರುಗಳ ಹಗೆಯನ್ನು ಬೆರಗಿನಿಂದ ನೋಡುತ್ತಾನೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದ ನಾಣಿ, ವೇದಪಾಠಕ್ಕೆ ಬಂದ ಮನೆಯಲ್ಲಿ ಯಮುನಕ್ಕನಿಗೆ ಒದಗಿದ ಗತಿಯನ್ನು ಕಾಣುತ್ತಾನೆ. ಈ ಪಾತ್ರಗಳನ್ನು ಮಾಡಿದ ನಟರಾಜ್ ಮತ್ತು ಅಜಿತ್ ಕುಮಾರ್ ಇಬ್ಬರಿಗೂ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಸಂದಿತು. ಇವರ ಅಭಿನಯ ಕಂಪನಿಯ ಬಾಲನಟನ ಅಭಿನಯಕ್ಕೆ ಪೂರಾ ಎದುರು. ಅವನು ಕೊನೆಯ ಸಾಲಿಗೆ ಕೇಳಿಸಬೇಕಿತ್ತು. ಇವರು ಸುಮ್ಮನೆ ನೋಡುತ್ತಾ ನಿಂತರೂ ನಮ್ಮ ಎದೆ ಭಾರವಾಗುತ್ತದೆ.

ಎರಡೂ ಬಗೆ ಒಂದಾದದ್ದು ಎನ್. ಲಕ್ಷ್ಮೀನಾರಾಯಣ್ ಅವರ ‘ಬೆಟ್ಟದ ಹೂವು’ (1985) ಚಿತ್ರದಲ್ಲಿ. ಪುಟ್ಟಸ್ವಾಮಯ್ಯನವರ ಮೊಮ್ಮಗ ಪುನೀತ್‌ಗೆ ಆಗ ಹತ್ತು ವರ್ಷ. ಕಾಡಿನ ಹೂ ಮಾರಿ, ಕಾಸಿಗೆ ಕಾಸು ಕೂಡಿಟ್ಟು, ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಹಂಬಲಿಸುವ ರಾಮು, ಕಡೆಗೆ ಅದೇ ಹಣದಲ್ಲಿ ಮನೆಯವರ ಚಳಿಗೆ ಕಂಬಳಿ ತರುತ್ತಾನೆ. ಹುಡುಗ ದೊಡ್ಡವನಾದ ಆ ಗಳಿಗೆಯನ್ನು ಪುನೀತ್ ಅಳದೆ, ಮಾತು ಹೆಚ್ಚಿಸದೆ ದಾಟಿಸಿದರು. ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ವೀರಣ್ಣನವರ ಮನೆಯ ಕುಡಿ ಬಿ. ಜಯಶ್ರೀ ಕೂಡ ತೀರ ಚಿಕ್ಕವರಿದ್ದಾಗಲೇ ತಾತನ ಕಂಪನಿಯಲ್ಲಿ ರಂಗ ಏರಿದವರು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿ, ‘ಸದಾರಮೆ’ಯನ್ನು ಮತ್ತೆ ಆಡಿಸಿದರು, ತಾತ ಮಾಡಿದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. 2013ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ವೀರಣ್ಣನವರಿಗೆ ಅದೇ ಗೌರವ ಬಂದದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ.

ತುಮಕೂರು ನಗರದಲ್ಲಿ ಈಗ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹಂಬಲ ಇನ್ನೂ ಆರಿಲ್ಲ. ಹೊಲದ ಕೆಲಸ ಮುಗಿಸಿದವರು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ರಾತ್ರಿ ಊಟವಾದ ಮೇಲೆ ದೇವಸ್ಥಾನದ ಜಗುಲಿಯಲ್ಲಿ ಪ್ರಾಕ್ಟೀಸು. ಮೇಷ್ಟ್ರು ಹಾರ್ಮೋನಿಯಂ ಮನೆಯೊಂದನ್ನು ಒತ್ತಿ ಹಿಡಿಯುತ್ತಾರೆ. ದುರ್ಯೋಧನನ ಪಾತ್ರದವರು ಗಂಟಲು ಸರಿಮಾಡಿಕೊಂಡು ಶ್ರುತಿ ಹುಡುಕುತ್ತಾರೆ. ಕಂಬದ ಬುಡದಲ್ಲಿ ಕೂತ ಹುಡುಗರಿಗೆ ಅಷ್ಟರಲ್ಲೇ ಆ ಪದ್ಯ ಬಾಯಿಗೆ ಬಂದಿರುತ್ತದೆ.