ಎಣಿಕೆಗೆ ಬಾರದ ನೋವು: ನಮ್ಮ ಐದು ತಾಲೂಕುಗಳ ಕೀಲುಬೇನೆಯ ಕಥೆ

ಬೆಳಿಗ್ಗೆ ಕಾಗವಾಡದಲ್ಲಿ ಮಿರಜ್ ಬಸ್ಸು ಹತ್ತಿ ನೋಡಿ. ಒಂದು ಕೈಯಲ್ಲಿ ಎಕ್ಸ್‌ರೇ ಚೀಲ, ಇನ್ನೊಂದು ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಮೆಟ್ಟಿಲು ಹತ್ತುವ ಅಜ್ಜಿ ಒಬ್ಬರಾದರೂ ಸಿಗುತ್ತಾರೆ. ಏನಾಗೇತಿ ಎಂದು ಕೇಳಿದರೆ "ವಯಸ್ಸಾತಲ್ಲಪಾ, ಇನ್ನೇನ್ ಆಗೂದೈತಿ" ಅನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹೋದರೂ ಉತ್ತರ ಇದೇ. ಇಷ್ಟು ಮಂದಿಗೆ ಇರುವ ಬೇನೆಯನ್ನು ನಾವು ರೋಗವೆಂದೇ ಯಾಕೆ ಲೆಕ್ಕ ಹಿಡಿಯಲಿಲ್ಲ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಿರಜ್‌ನ ದಾರಿ ಹಳೆಯದು. ಅಮೆರಿಕನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಆಗ ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತ್ಯದಲ್ಲಿದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಮಿರಜ್ ಪಟವರ್ಧನರ ಕೈಯಲ್ಲಿತ್ತು. ಆಳುವವರು ಬೇರೆ ಬೇರೆಯಾದರೂ ರೈಲು ಒಂದೇ. ರಾಯಬಾಗ, ಕುಡಚಿ, ಉಗಾರದ ಮೇಲಿನ ಹಳಿ ಮಿರಜ್‌ಗೇ ಹೋಗುತ್ತಿತ್ತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ರೋಗಿ ಮತ್ತು ಆಸ್ಪತ್ರೆಯ ನಡುವೆ ರಾಜ್ಯದ ಗಡಿ ಬಂತು. ದಾರಿ ಮಾತ್ರ ನಿಲ್ಲಲಿಲ್ಲ.

ಆ ಕಾಲದ ಸರಕಾರ ಎಣಿಸಿದ್ದು ಪ್ಲೇಗು, ಕಾಲರಾ, ಸಿಡುಬುಗಳನ್ನು. ಸಾಯಿಸುವ ರೋಗಕ್ಕೆ ಲೆಕ್ಕವಿತ್ತು. ಮನುಷ್ಯನನ್ನು ಕೂರಿಸಿಬಿಡುವ ರೋಗಕ್ಕೆ ಲೆಕ್ಕದ ಪುಸ್ತಕವೇ ಇರಲಿಲ್ಲ.

ನಿಪ್ಪಾಣಿಯ ಕಡೆ ಬನ್ನಿ. ಇಲ್ಲಿ ತಂಬಾಕು ಹಸನು ಮಾಡಿದವರು, ಬೀಡಿ ಕಟ್ಟಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ದಿನವಿಡೀ ನೆಲದ ಮೇಲೆ ಕೂತು, ಬೆನ್ನು ಬಗ್ಗಿಸಿ, ಬೆರಳು ಆಡಿಸುತ್ತಲೇ ಇರಬೇಕು. 1980ರ ಆಸುಪಾಸಿನಲ್ಲಿ ಅವರು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. ಅದಕ್ಕೂ ಮೊದಲೇ, 1976ರಲ್ಲಿ, ಕೇಂದ್ರ ಸರಕಾರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ತಂದಿತ್ತು. ಬೀಡಿಯ ಮೇಲಿನ ಸೆಸ್ಸಿನ ಹಣದಲ್ಲಿ ಕಾರ್ಮಿಕರಿಗೆ ದವಾಖಾನೆ, ಔಷಧಿ, ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಏರ್ಪಾಡು ಅದು. ಕೆಲಸದಿಂದ ಬರುವ ಬೇನೆಗೆ ಕೆಲಸದ ಹಣದಿಂದಲೇ ಔಷಧಿ ಕೊಡುವ ಒಳ್ಳೆಯ ವಿಚಾರ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ರದ್ದಾಯಿತು.

ಔಷಧಿಗೂ ಒಂದು ಇತಿಹಾಸವಿದೆ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಕೀಲೂತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಇದಕ್ಕೆ ನೊಬೆಲ್ ಬಂತು. ಆದರೆ ಬಹುಕಾಲ ತಗೊಂಡರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಮುಖ ಊದುತ್ತದೆ ಎಂಬುದೂ ಬೇಗ ಗೊತ್ತಾಯಿತು. ಹೆಸರಿಲ್ಲದ ಪುಡಿ ಪೊಟ್ಟಣ ತಗೊಂಡ ಎರಡೇ ದಿನಕ್ಕೆ ನೋವು ಮಾಯವಾದರೆ ಸಂತೋಷಪಡುವ ಮೊದಲು ಅದರಲ್ಲಿ ಏನಿದೆ ಎಂದು ಕೇಳಿ.

ಕೀಲುನೋವನ್ನು ಮನೆಮನೆಗೆ ಹೋಗಿ ಎಣಿಸಿದ ಕೆಲಸ ನಮ್ಮಿಂದ ಬಹಳ ದೂರದಲ್ಲೇನೂ ಆಗಲಿಲ್ಲ. 1996ರಲ್ಲಿ ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಪದ್ಧತಿಯಲ್ಲಿ, ಸಮೀಕ್ಷೆ ಮಾಡಿದರು. ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಎಲುಬು, ಕೀಲು, ಸ್ನಾಯುವಿನ ಬೇನೆ ಇತ್ತು. ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ರುಮಟಾಯ್ಡ್ ಸಂಧಿವಾತ ಇತ್ತು. ಹುಡುಕಿದರೆ ಸಿಗುತ್ತದೆ ಎಂದು ಒಂದು ಹಳ್ಳಿ ತೋರಿಸಿಕೊಟ್ಟಿತು.

ಹತ್ತು ವರ್ಷದ ಮೇಲೆ ಬೇನೆ ತಾನೇ ನಮ್ಮನ್ನು ಹುಡುಕಿಕೊಂಡು ಬಂತು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿ ಮರೆಯಾಗಿದ್ದ ಚಿಕುನ್‌ಗುನ್ಯಾ 2005ರ ಕೊನೆಗೆ ಮರಳಿತು. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳು. ಅದರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಹೆಸರು ಕೇಳಿ ಕೋಳಿ ತಿಂದರೆ ಬರುತ್ತದೆಂದು ನಂಬಿದವರೂ ಇದ್ದರು. ಅದು ಆಫ್ರಿಕಾದ ಮಾಕೊಂಡೆ ಭಾಷೆಯ ಮಾತು, ನೋವಿಗೆ ಬಾಗಿ ನಡೆಯುವವರನ್ನು ನೋಡಿ ಇಟ್ಟದ್ದು. ನೀರಿನ ತೊಟ್ಟಿ ತೊಳೆಸಿದರು, ಫಾಗಿಂಗ್ ಮಾಡಿದರು, ರಕ್ತ ಪರೀಕ್ಷೆ ನಡೆಯಿತು. ಜ್ವರ ವಾರದಲ್ಲಿ ಇಳಿದರೂ ಎಷ್ಟೋ ಮಂದಿಗೆ ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಅಂಕಿಸಂಖ್ಯೆ ಜ್ವರದ್ದಾಗಿತ್ತು. ಉಳಿದ ನೋವು ಮತ್ತೆ ಮನೆಯವರ ಪಾಲಿಗೇ ಬಿತ್ತು.

ಈ ನಡುವೆ ಕೆಲವು ಬಾಗಿಲು ತೆರೆದವು. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಬಂತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, 2023ರಲ್ಲಿ ಮತ್ತೆ ಶುರುವಾಯಿತು. 2010-11ರಲ್ಲಿ ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ಬಂತು, ಅದರಲ್ಲಿ ಫಿಸಿಯೋಥೆರಪಿಯೂ ಇದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಬಗೆಯ ಇಂಪ್ಲಾಂಟ್ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು.

ಆದರೆ ಇವುಗಳಲ್ಲಿ ದೊಡ್ಡ ಹಣ ಹೋಗುವುದು ಕೊನೆಯ ಹಂತಕ್ಕೆ, ಆಪರೇಷನ್ನಿಗೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಬಿಪಿ, ಶುಗರ್ ಕೇಳುತ್ತಾರೆ. 2010ರಲ್ಲಿ ಶುರುವಾದ ಆ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲಿ ಸಕ್ಕರೆ ಕಾಯಿಲೆ, ಹೃದಯರೋಗ, ಕ್ಯಾನ್ಸರ್, ಪಾರ್ಶ್ವವಾಯು ಇದ್ದವು. ಕೀಲು ಇರಲಿಲ್ಲ. ಮೊದಲ ಹಂತದಲ್ಲಿ ಹಿಡಿಯದೆ ಹೋದರೆ ನಷ್ಟ ಯಾರಿಗೆ? ಕಬ್ಬು ಕಡಿಯುವ, ಹಾಲು ಹಿಂಡುವ, ರೊಟ್ಟಿ ಬಡಿಯುವ ಕೈಗೆ.

ಅದಕ್ಕೇ ಇಷ್ಟು ನೆನಪಿಡಿ. ಬೆಳಿಗ್ಗೆ ಎದ್ದಾಗ ಬೆರಳು, ಮಣಿಕಟ್ಟು ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಎರಡೂ ಕೈಯ ಸಣ್ಣ ಕೀಲುಗಳು ಊದಿದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಮೂವತ್ತರ ಹೆಣ್ಣುಮಗಳಿಗೂ ಬರಬಹುದು. ಬೇಗ ತೋರಿಸಿದರೆ ಕೀಲು ಸೊಟ್ಟಗಾಗುವುದನ್ನು ತಡೆಯುವ ಔಷಧಿಗಳಿವೆ. ಅವುಗಳಲ್ಲಿ ಮೆಥೊಟ್ರೆಕ್ಸೇಟ್ ದುಬಾರಿಯಲ್ಲ, ಆದರೆ ಅದನ್ನು ತಗೊಳ್ಳುವುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಮೊಣಕಾಲು ಸವೆತಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು ನಿಜಕ್ಕೂ ಕೆಲಸ ಮಾಡುತ್ತವೆ. ಗಡಿ ದಾಟಿ ಮಿರಜ್‌ಗೆ ಹೋಗುವವರು ತಮ್ಮ ಕಾರ್ಡು ಅಲ್ಲಿ ನಡೆಯುತ್ತದೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಎತ್ತೋಣ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಯಾವ ದಿನ ಸಿಗುತ್ತದೆ? ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ. ಈ ನೋವಿನ ಎಣಿಕೆ ಅಲ್ಲಿಂದಲೇ ಶುರುವಾಗಲಿ.